ಬಾಲದಲ್ಲೊಂದು ಕಣ್ಣು, ಬಾಯಲ್ಲೊಬ್ಬ ತಮ್ಮ

ಒಂದೇ ದಿನ ಮೊಟ್ಟೆಯೊಡೆದು ಬಂದ ಮರಿಗಳು. ಒಂದೇ ನೀರು, ಒಂದೇ ಊಟ. ಕೆಲವು ವಾರ ಬಿಟ್ಟು ನೋಡಿ: ಒಂದು ಬೆರಳುದ್ದ, ಇನ್ನೊಂದು ಅದರ ಅರ್ಧ! ಪುಣೆಯ ‘ಮಾನ್‌ಸ್ಟರ್ ಫಿಶ್’ ಹುಚ್ಚಿನವರು ಆಸೆಪಟ್ಟು ಸಾಕುವ ಪೀಕಾಕ್ ಬಾಸ್ ಮರಿಗಳ ತೊಟ್ಟಿಯೆದುರು ಸ್ವಲ್ಪ ಹೊತ್ತು ನಿಂತರೆ ಕಾಲು ಕೀಳಲು ಮನಸ್ಸೇ ಬಾರದು. ದೊಡ್ಡದು ಬಾಣ ಬಿಟ್ಟಂತೆ ನುಗ್ಗುತ್ತದೆ. ಚಿಕ್ಕದು ಫಿಲ್ಟರ್ ಹಿಂದೆ ಸೇರಿಕೊಂಡರೆ ಊಟ ಬಿದ್ದರೂ ಹೊರಗೆ ಬರುವುದಿಲ್ಲ.

ಗುಟ್ಟಿರುವುದು ಅಲ್ಲೇ. ಮೊದಮೊದಲು ಎರಡು ತುತ್ತು ಹೆಚ್ಚು ಸಿಕ್ಕ ಮರಿ ಕೂದಲೆಳೆಯಷ್ಟು ದೊಡ್ಡದಾಗುತ್ತದೆ, ಆ ಕೂದಲೆಳೆಯ ಬಲದಲ್ಲೇ ಮುಂದಿನ ತುತ್ತನ್ನೂ ಕಸಿಯುತ್ತದೆ, ಬಡ್ಡಿಗೆ ಬಡ್ಡಿ ಸೇರಿ ಅಂತರ ಏರುತ್ತಲೇ ಹೋಗುತ್ತದೆ. ಸದಾ ಅಟ್ಟಿಸಿಕೊಂಡ ಮೀನಿನ ಮೈಯಲ್ಲಿ ಕಾರ್ಟಿಸಾಲ್ ಹಾರ್ಮೋನು ಹೆಚ್ಚಿ ಹಸಿವೇ ಇಂಗುತ್ತದೆ. ಅಂಥದ್ದನ್ನು ಬೇರೆ ತೊಟ್ಟಿಗೆ ಬಿಟ್ಟು ನೋಡಿ, ಗಬಗಬನೆ ತಿಂದು ಎಷ್ಟೋ ಸಲ ಅಣ್ಣನ ಹತ್ತಿರಕ್ಕೇ ಬಂದುಬಿಡುತ್ತದೆ! ಕುಳ್ಳಗಿದ್ದದ್ದು ಹುಟ್ಟಿನಿಂದಲ್ಲ, ಹೆದರಿಕೆಯಿಂದ.

ಘಟ್ಟದ ಕೆಳಗಿನ ರಾಯಗಡದವರು ಬಾಯಿ ಚಪ್ಪರಿಸುವ ಜಿತಾಡಾ, ಅಂದರೆ ಸೀ ಬಾಸ್, ಇನ್ನೂ ಕಟುಕ. (ಎರಡೂ ಬಾಸ್ ಎನಿಸಿಕೊಂಡರೂ ಹತ್ತಿರದ ನಂಟೇನಿಲ್ಲ.) ಚೆನ್ನೈನ ಕೇಂದ್ರೀಯ ಹಿನ್ನೀರು ಜಲಕೃಷಿ ಸಂಸ್ಥೆ 1997ರಲ್ಲಿ ಇದರ ಮರಿಗಳನ್ನು ಭಾರತದಲ್ಲೇ ಮೊದಲ ಬಾರಿಗೆ ಹ್ಯಾಚರಿಯಲ್ಲಿ ಪಡೆಯಿತು. ಈ ಮರಿ ತನ್ನುದ್ದದ ಸುಮಾರು ಮೂರನೇ ಎರಡರಷ್ಟಿರುವ ತಮ್ಮನನ್ನೇ ನುಂಗಬಲ್ಲದು! ಹ್ಯಾಚರಿಗಳಲ್ಲಿ ಕೆಲವೇ ದಿನಗಳಿಗೊಮ್ಮೆ ಮರಿಗಳನ್ನು ಗಾತ್ರ ನೋಡಿ ಬೇರ್ಪಡಿಸುವುದು ಇದಕ್ಕೇ.

ಮನೆಯ ತೊಟ್ಟಿಗೂ ಇದೇ ಮದ್ದು: ಸಮಗಾತ್ರದವು ಒಟ್ಟಿಗಿರಲಿ, ಊಟ ಏಕಕಾಲಕ್ಕೆ ಎರಡು ಮೂರು ಕಡೆ ಬೀಳಲಿ, ಅಡಗಲು ಮರದ ತುಂಡು, ಪೈಪಿನ ತುಂಡು ಇರಲಿ. ವಿಚಿತ್ರವೆಂದರೆ ಎರಡೇ ಮೀನಿದ್ದಾಗ ಜಗಳ ಜಾಸ್ತಿ! ದೊಡ್ಡ ತೊಟ್ಟಿಯಲ್ಲಿ ಆರೆಂಟು ಬಿಟ್ಟರೆ ಏಟು ಎಲ್ಲರಿಗೂ ಹಂಚಿಹೋಗಿ ಒಂದೇ ಬಡಪಾಯಿಯ ಮೇಲೆ ಬೀಳುವುದಿಲ್ಲ.

ಆದರೆ ನಿಜವಾದ ಬೆರಗು ಬಾಲದಲ್ಲಿದೆ. ಬೆಳೆದ ಪೀಕಾಕ್ ಬಾಸಿನ ಬಾಲದ ಬುಡದಲ್ಲಿ ಹೊಂಬಣ್ಣದ ಬಳೆ ತೊಟ್ಟ ಕಪ್ಪು ಕಣ್ಣು! ಯಾತಕ್ಕೆ? ಥಾಮಸ್ ಝರೆಟ್ ಎಂಬ ವಿಜ್ಞಾನಿ 1977ರಲ್ಲಿ ಮಂಡಿಸಿದ ವಾದ ಕೇಳಿ: ಅದು ‘ನಾನು ನಿನ್ನವನೇ, ತಿನ್ನಬೇಡ’ ಎಂಬ ಗುರುತು! ಹಸಿದ ಹಿರಿಯ ಮೀನು ಆ ಕಣ್ಣು ಕಂಡರೆ ಬಾಯಿ ಮುಚ್ಚುತ್ತದಂತೆ. ಪುಟ್ಟ ಮರಿಗಳಲ್ಲಿ ಈ ಗುರುತು ಇನ್ನೂ ಸರಿಯಾಗಿ ಮೂಡಿರುವುದಿಲ್ಲ. ತೊಟ್ಟಿಯಲ್ಲಿ ಅವುಗಳ ಪಾಡು ಅಷ್ಟು ಕಷ್ಟವಾಗುವುದಕ್ಕೆ ಇದೂ ಒಂದು ಕಾರಣವಿರಬಹುದೆಂಬುದು ನನ್ನ ಊಹೆ.

ತನ್ನವರಿಗೆ ತೋರುವ ಈ ದಯೆ ಬೇರೆಯವರಿಗಿಲ್ಲ. 1967ರ ಸುಮಾರಿಗೆ ಪನಾಮಾದ ಗಾಟುನ್ ಸರೋವರಕ್ಕೆ ಆಕಸ್ಮಿಕವಾಗಿ ಸೇರಿದ ಪೀಕಾಕ್ ಬಾಸ್, ಅಲ್ಲಿ ಹೇರಳವಾಗಿದ್ದ 8 ಜಾತಿಯ ಮೀನುಗಳಲ್ಲಿ 6ನ್ನು ಅಳಿಸಿಹಾಕಿತೆಂದು ಇದೇ ಝರೆಟ್ ಮತ್ತು ರಾಬರ್ಟ್ ಪೇಯ್ನ್ 1973ರಲ್ಲಿ ಬರೆದರು. ಅದನ್ನು ಓದಿದ ಮೇಲೆ, ತೊಟ್ಟಿಗೆ ಹಿಡಿಸದಷ್ಟು ಬೆಳೆದ ಬಾಸನ್ನು ಖಡಕ್‌ವಾಸಲಾ ಜಲಾಶಯಕ್ಕೆ ಬಿಡೋಣವೆಂದು ಯಾರಾದರೂ ಹೇಳಿದರೆ ನನಗೆ ಎದೆ ಝಲ್ಲೆನ್ನುತ್ತದೆ. ದಖ್ಖನಿನ ಮಹಶೀರ್ ಮೀನನ್ನು ವಿಲಿಯಂ ಸೈಕ್ಸ್ 1839ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ್ದು ಈ ಜಲಾಶಯದ ನೀರು ಹರಿದು ಸೇರುವ ಪುಣೆಯ ಮುಳಾ-ಮುಠಾ ನದಿಯಿಂದ. ಇದೇ ಜಿಲ್ಲೆಯ ಲೋಣಾವಳದಲ್ಲಿ ಟಾಟಾದವರು 1970ರ ದಶಕದಿಂದ ಮಹಶೀರ್ ಮರಿಗಳನ್ನು ಬೆಳೆಸಿ ಹೊಳೆಗಳಿಗೆ ಬಿಡುತ್ತಿದ್ದಾರೆ. ಆ ಮರಿಗಳ ಬಾಲದಲ್ಲಿ ಹೊಂಬಣ್ಣದ ಕಣ್ಣಿಲ್ಲ!