ಕಾಡು ಕಡಿಮೆಯಿರುವ ನಾಡಿನಲ್ಲಿ ಅರಣ್ಯದ ಓದು

ಸೂರತ್‌ನಲ್ಲಿ ತಾಪಿ ನದಿ ದಾಟಿದರೆ ಅಡಾಜಣ್. ಜವಳಿ ಮತ್ತು ವಜ್ರದ ದುಡ್ಡು ಎಬ್ಬಿಸಿದ ಅಪಾರ್ಟ್‌ಮೆಂಟುಗಳ ಈ ಬಡಾವಣೆಯಲ್ಲಿ ಕೋಚಿಂಗ್ ಕ್ಲಾಸುಗಳಿಗೇನೂ ಬರವಿಲ್ಲ. ಹನ್ನೆರಡನೇ ತರಗತಿಯಲ್ಲಿ ಗಣಿತದವರು ‘ಎ ಗ್ರೂಪ್’, ಜೀವಶಾಸ್ತ್ರದವರು ‘ಬಿ ಗ್ರೂಪ್’ ಎಂಬುದು ಗುಜರಾತಿನ ರೂಢಿ. ಬಿ ಗ್ರೂಪ್ ಅಂದಮೇಲೆ ನೀಟ್, ನೀಟ್ ಅಂದಮೇಲೆ ಎಂಬಿಬಿಎಸ್. ಸೀಟು ಕೈತಪ್ಪಿದರೆ ಮುಂದೇನು ಎಂದು ಕೇಳಿದರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಹೊಟ್ಟೆಪಾಡಿಗೆ ಇತ್ತ ಬಂದು ನೆಲೆಯೂರಿದ ಕನ್ನಡದ ಕುಟುಂಬಗಳ ಪಾಡೂ ಅದೇ.

ಮುಂದೇನು ಎಂಬ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ ಮುಂಬೈ ಕಡೆಯ ರೈಲು ಹಿಡಿದರೆ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ. ನವಸಾರಿ ಪಟ್ಟಣದಿಂದ ದಾಂಡಿಗೆ ಹೋಗುವ ದಾರಿಯಲ್ಲಿ, ಎರು ನಾಲ್ಕುರಸ್ತೆಯ ಬಳಿ ನವಸಾರಿ ಕೃಷಿ ವಿಶ್ವವಿದ್ಯಾಲಯವಿದೆ. ಗುಜರಾತ್ ಕೃಷಿ ವಿಶ್ವವಿದ್ಯಾಲಯ ವಿಭಜನೆಯಾದಾಗ, 2004ರಲ್ಲಿ, ಸ್ವತಂತ್ರವಾದ ಸಂಸ್ಥೆಯಿದು. ಅರಣ್ಯಶಾಸ್ತ್ರದಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ಆನರ್ಸ್ ಇಲ್ಲುಂಟು.

ಕಾಡೇ ಕಡಿಮೆಯಿರುವ ರಾಜ್ಯದಲ್ಲಿ ಅರಣ್ಯಶಾಸ್ತ್ರವೇ ಎಂದು ಹುಬ್ಬೇರಿಸುವವರಿದ್ದಾರೆ. 2021ರ ಅರಣ್ಯ ಸ್ಥಿತಿಗತಿ ವರದಿಯ ಪ್ರಕಾರ ಗುಜರಾತಿನ ಅರಣ್ಯ ಹೊದಿಕೆ ಶೇ 7.6ರಷ್ಟು, ಕರ್ನಾಟಕದ್ದು ಶೇ 20ರ ಆಸುಪಾಸು. ಆದರೆ ಸೂರತ್‌ಗೂ ಮರಕ್ಕೂ ಇರುವ ನಂಟು ಬಹಳ ಹಳೆಯದು. ಹಡಗು ಕಟ್ಟುವುದರಲ್ಲಿ ಎತ್ತಿದ ಕೈಯಾಗಿದ್ದ ಪಾರ್ಸಿ ಬಡಗಿ ಲವ್ಜಿ ನುಸ್ಸರ್‌ವಾಂಜಿ ವಾಡಿಯಾ 1736ರ ಸುಮಾರಿಗೆ ಮುಂಬೈ ಹಡಗುಕಟ್ಟೆಗೆ ಹೋದದ್ದು ಈ ಊರಿನಿಂದಲೇ. ಆತನ ವಂಶದವರು 1817ರಲ್ಲಿ ತೇಗದಲ್ಲಿ ಕಟ್ಟಿದ ‘ಟ್ರಿಂಕಮಲಿ’ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ತೇಗದ ಹಸಿವಿನಿಂದಲೇ ಬ್ರಿಟಿಷರು 1842ರಲ್ಲಿ ದಕ್ಷಿಣ ಗುಜರಾತಿನ ಡಾಂಗ್ ಸೀಮೆಯ ಕಾಡನ್ನು ಭಿಲ್ ನಾಯಕರಿಂದ ಗುತ್ತಿಗೆಗೆ ಪಡೆದರು. ಹೋಳಿಯ ಮುನ್ನಾದಿನಗಳಲ್ಲಿ ಅಲ್ಲಿನ ಆಹ್ವಾ ಊರಿನಲ್ಲಿ ನಡೆಯುವ ‘ಡಾಂಗ್ ದರ್ಬಾರ್’‌ನಲ್ಲಿ ಆ ನಾಯಕರ ವಂಶಸ್ಥರಿಗೆ ಸರ್ಕಾರ ಈಗಲೂ ಗೌರವಧನ ಕೊಡುತ್ತದೆ. ಈ ಪದ್ಧತಿಯ ಬೇರು ಇರುವುದು ಆ ಗುತ್ತಿಗೆಯಲ್ಲಿ. ಅದೇ ಸೀಮೆಯಲ್ಲಿ ಆದಿವಾಸಿ ರೈತರ ಸ್ವಂತ ಹೊಲದ ಮರಗಳಿಗೆ ‘ಮಾಲ್ಕಿ’ ಮರ ಎನ್ನುತ್ತಾರೆ. ಕಡಿಯುವುದಕ್ಕೂ ಮಾರುವುದಕ್ಕೂ ಅದರದ್ದೇ ಕಾನೂನುಕಟ್ಟಳೆಗಳಿವೆ. ಅರಣ್ಯದ ವಿದ್ಯಾರ್ಥಿ ಸಸ್ಯಶಾಸ್ತ್ರವೊಂದನ್ನೇ ಓದಿದರೆ ಸಾಲದು, ಈ ಚರಿತ್ರೆ, ಈ ಕಾನೂನು, 2006ರ ಅರಣ್ಯ ಹಕ್ಕು ಕಾಯ್ದೆ ಎಲ್ಲವೂ ಗೊತ್ತಿರಬೇಕು.

ಓದು ಹೇಗಿರುತ್ತದೆ? ಮೊದಲ ಪಾಠಗಳಲ್ಲೊಂದು ಮರ ಅಳೆಯುವುದು. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಎದೆಮಟ್ಟದಲ್ಲಿ, ಟೇಪು ಸುತ್ತಬೇಕು. ಇಳಿಜಾರಿನಲ್ಲಿದ್ದರೆ ಮೇಲಿನ ಮಗ್ಗುಲಲ್ಲಿ ನಿಂತೇ ಅಳೆಯಬೇಕು. ಅಲ್ಲೇ ಗಂಟಿದ್ದರೆ ಗಂಟನ್ನು ಬಿಟ್ಟು ಅಳೆಯಬೇಕು. ಒಂದೊಂದು ಮರದಲ್ಲಿ ಎರಡು ಸೆಂಟಿಮೀಟರ್ ತಪ್ಪಿದರೂ ಸಾವಿರಾರು ಮರಗಳ ತೋಪಿನ ಲೆಕ್ಕವೇ ಅಡಿಮೇಲಾಗುತ್ತದೆ. ತೇಗದ ಪಾಠ ಇನ್ನೂ ಸೊಗಸು. ಅದರ ಗಟ್ಟಿ ಬೀಜವನ್ನು ನೆನೆಸಿ ಒಣಗಿಸಿ, ಮತ್ತೆ ನೆನೆಸಿ ಒಣಗಿಸಿದ ಮೇಲೆಯೇ ಪಾತಿಗೆ ಹಾಕುವುದು. ವರ್ಷ ತುಂಬಿ ಹೆಬ್ಬೆರಳ ಗಾತ್ರಕ್ಕೆ ಬಂದ ಸಸಿಯನ್ನು ಕಿತ್ತು, ಕಾಂಡವನ್ನು ಒಂದೆರಡು ಅಂಗುಲವಷ್ಟೇ ಉಳಿಸಿ ಕತ್ತರಿಸಿ, ಪಕ್ಕದ ಬೇರುಗಳನ್ನು ಸವರಿಬಿಡುತ್ತಾರೆ. ಎಲೆಯಿಲ್ಲದ ಆ ಬೋಳು ಕಡ್ಡಿಗೆ ‘ಸ್ಟಂಪ್’ ಎಂದು ಹೆಸರು. ಮುಂಗಾರು ಬೀಳುತ್ತಿದ್ದಂತೆ ಸಲಾಕೆಯಿಂದ ಗುಳಿ ಮಾಡಿ ನೆಟ್ಟರೆ ಕೆಲವೇ ವಾರಗಳಲ್ಲಿ ಅಗಲ ಎಲೆ ಬಿಡುತ್ತದೆ. ಕೊನೆಯ ವರ್ಷದಲ್ಲಿ ತರಗತಿ ಬಿಟ್ಟು ಅರಣ್ಯ ಇಲಾಖೆ, ಹಳ್ಳಿ, ಕಾರ್ಖಾನೆಗಳಲ್ಲಿ ಕೆಲಸ ಕಲಿಯಬೇಕು. ಬಿಸಿಲು, ಜಿಗಣೆ, ನಡಿಗೆ ಬೇಡವೆನ್ನುವವರಿಗೆ ಈ ಓದು ಒಗ್ಗದು.

ಕೆಲಸದ ಮಾತಿಗೆ ಬಂದರೆ ಎಲ್ಲರ ಕಣ್ಣೂ ಖಾಕಿಯ ಮೇಲೆ. ಯುಪಿಎಸ್‌ಸಿ ನಡೆಸುವ ಭಾರತೀಯ ಅರಣ್ಯ ಸೇವೆಯ ಪರೀಕ್ಷೆ ಅರಣ್ಯ ಪದವೀಧರರಿಗಷ್ಟೇ ಮೀಸಲಲ್ಲ. ಎಂಜಿನಿಯರಿಂಗ್, ಭೌತಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರೂ ಅಲ್ಲಿ ಪೈಪೋಟಿಗಿಳಿಯುತ್ತಾರೆ. ರಾಜ್ಯಗಳ ವಲಯ ಅರಣ್ಯಾಧಿಕಾರಿ ಹುದ್ದೆಗಳಿವೆ, ಆದರೆ ನೇಮಕಾತಿ ಯಾವಾಗ ನಡೆದೀತೆಂದು ಹೇಳಲು ಬರುವುದಿಲ್ಲ. ಹುದ್ದೆಗಳಲ್ಲಿ ತಮ್ಮ ಪಾಲು ಉಳಿಸಿಕೊಡಿ ಎಂದು ಕರ್ನಾಟಕದ ಶಿರಸಿ, ಪೊನ್ನಂಪೇಟೆಯ ಅರಣ್ಯ ವಿದ್ಯಾರ್ಥಿಗಳು ಧರಣಿ ಕೂತದ್ದನ್ನು ನಾವು ಕಂಡಿದ್ದೇವೆ. ಅವರ ಕೂಗು ನ್ಯಾಯವಾದದ್ದೇ. ನಾಲ್ಕು ವರ್ಷ ಕಾಡನ್ನೇ ಓದಿದವರಿಗೆ ಕಾಡಿನ ಇಲಾಖೆಯಲ್ಲಿ ಮೊದಲ ಮಣೆ ಸಿಗಬೇಕು. ಹೆಣ್ಣುಮಕ್ಕಳಿಗೆ ಇದಾಗದು ಎನ್ನುವವರು ಗಿರ್ ಅಭಯಾರಣ್ಯದ ಕಡೆ ನೋಡಲಿ. 2007ರಿಂದ ಅಲ್ಲಿ ಮಹಿಳಾ ಅರಣ್ಯ ರಕ್ಷಕರು ಸಿಂಹಗಳ ನಡುವೆ ಗಸ್ತು ತಿರುಗುತ್ತಿದ್ದಾರೆ.

ಇಷ್ಟಾದರೂ ಖಾಕಿಯೊಂದನ್ನೇ ನಂಬಿ ಈ ಓದಿಗೆ ಬರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆನ್ನಲು ದಕ್ಷಿಣ ಗುಜರಾತೇ ಆಧಾರ. ತಾಪಿ ಜಿಲ್ಲೆಯ ಸೋನ್‌ಗಢದಲ್ಲಿ ಜೆ.ಕೆ. ಪೇಪರ್ ಕಾರ್ಖಾನೆಯಿದೆ. ಅದಕ್ಕೆ ಬೇಕಾದ ನೀಲಗಿರಿ, ಸುಬಾಬುಲ್ ಬೆಳೆಯುವವರು ರೈತರು. ಯಾವ ಮಣ್ಣಿಗೆ ಯಾವ ತಳಿ, ಎಷ್ಟು ಅಂತರ, ಯಾವ ವರ್ಷ ಕಟಾವು ಎಂದು ಹೇಳಲು ತಿಳಿದವರು ಬೇಕು. ಕಾಂಡ್ಲಾ ಬಂದರಿಗೆ ಹೊರದೇಶಗಳ ದಿಮ್ಮಿಗಳು ಬಂದಿಳಿಯುತ್ತವೆ, ಪಕ್ಕದ ಗಾಂಧಿಧಾಮದ ತುಂಬ ಸಾಮಿಲ್ಲುಗಳು. ಮರದ ಜಾತಿ, ತೇವ, ದರ್ಜೆ ಗುರುತಿಸಬಲ್ಲ ಪದವೀಧರರಿಗೆ ಇಂಥ ಕಡೆ ಕೆಲಸವುಂಟು. ಪಶ್ಚಿಮ ಬಂಗಾಳ ಬಿಟ್ಟರೆ ಅತಿ ಹೆಚ್ಚು ಮ್ಯಾಂಗ್ರೋವ್ ಕಾಡು ಇರುವುದೂ ಗುಜರಾತಿನಲ್ಲೇ, ಅದನ್ನು ಕಾಯಲೂ ತಿಳಿದವರು ಬೇಕು. ಖಾಸಗಿ ಜಮೀನಿನ ಬಿದಿರನ್ನು ಮರದ ಪಟ್ಟಿಯಿಂದ 2017ರಲ್ಲಿ ಹೊರಗಿಟ್ಟ ಮೇಲೆ ಬಿದಿರು ಕೃಷಿಗೂ ದಾರಿ ಸಲೀಸಾಗಿದೆ. ಉಪಗ್ರಹ ಚಿತ್ರ ಓದಬಲ್ಲವರಿಗೆ ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣೆಯಂಥ ಸಂಸ್ಥೆಗಳಿವೆ, ಮರದ ವಿಜ್ಞಾನದಲ್ಲಿ ಸಂಶೋಧನೆಗೆ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಯಿದೆ, ಆಡಳಿತ ಕಲಿಯಲು ಭೋಪಾಲದ ಅರಣ್ಯ ನಿರ್ವಹಣಾ ಸಂಸ್ಥೆಯಿದೆ. ವನಮಹೋತ್ಸವವನ್ನು 1950ರಲ್ಲಿ ಆರಂಭಿಸಿದ ಕೆ.ಎಂ. ಮುನ್ಶಿ ಸೂರತ್‌ಗೆ ಹತ್ತಿರದ ಭರೂಚ್‌ನವರು. ಆದರೆ ಅಂಥ ಉತ್ಸವಗಳಲ್ಲಿ ಸಸಿ ನೆಟ್ಟು ಫೋಟೊ ತೆಗೆಸಿಕೊಂಡ ಮೇಲೆ ಆ ಸಸಿಗಳಲ್ಲಿ ಎಷ್ಟು ಬದುಕಿದವು ಎಂದು ಲೆಕ್ಕ ಹಿಡಿಯುವ ಕಸುಬುದಾರರು ದೇಶಕ್ಕೆ ಇನ್ನೂ ಸಾಕಷ್ಟಿಲ್ಲ.

ಕನ್ನಡನಾಡಿಗೆ ಮರಳಿ ಓದುವ ಮನಸ್ಸಿದ್ದರೆ ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ, ಪೊನ್ನಂಪೇಟೆಯಲ್ಲಿ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯದ ಅರಣ್ಯ ಕಾಲೇಜುಗಳಿವೆ. ಕೃಷಿ ವಿಶ್ವವಿದ್ಯಾಲಯಗಳ ಸೀಟುಗಳಲ್ಲಿ ಒಂದು ಪಾಲನ್ನು ಸಿಯುಇಟಿ ಪ್ರವೇಶ ಪರೀಕ್ಷೆಯ ಮೂಲಕ ಅಖಿಲ ಭಾರತ ಮಟ್ಟದಲ್ಲಿ ತುಂಬುವುದರಿಂದ ಅಡಾಜಣ್‌ನ ಹುಡುಗಿ ಶಿರಸಿಗೆ, ಶಿರಸಿಯ ಹುಡುಗ ನವಸಾರಿಗೆ ಹೋಗಿ ಓದಬಹುದು. ಅರ್ಜಿ ತುಂಬುವ ಮುನ್ನ ಮಕ್ಕಳನ್ನು ಡಾಂಗ್‌ನ ವಘಈ ಸಸ್ಯೋದ್ಯಾನಕ್ಕೋ ಹತ್ತಿರದ ಅರಣ್ಯ ನರ್ಸರಿಗೋ ಒಂದು ದಿನ ಕರೆದುಕೊಂಡು ಹೋಗಿ. ಅಲ್ಲಿ ಬಿಸಿಲು ಮರೆತು ಪ್ರಶ್ನೆ ಕೇಳುತ್ತ ನಿಲ್ಲುವ ಮಗುವನ್ನು ಈ ಓದಿಗೆ ಧೈರ್ಯವಾಗಿ ಕಳಿಸಿ.