ಮನೆಯೂಟದ ವೈಭವ, ಬೆಲ್ಲದ ಸೋಡಾದ ಸಂಭ್ರಮ

ಒಂದು ಪಾತ್ರೆ, ಒಂದು ಹಿಡಿ ಕಾಳು, ಒಂದು ಕಟ್ಟು ಸೊಪ್ಪು. ಹಳೇ ಮೈಸೂರಿನ ಅಡುಗೆಮನೆ ಈ ಮೂರರಿಂದ ಎರಡು ಪದಾರ್ಥಗಳನ್ನು ಸೃಷ್ಟಿಸುವ ಪರಿ ಪಾಕಶಾಸ್ತ್ರದ ಯಾವ ಮಹಾವಿದ್ಯಾಲಯವನ್ನೂ ಬೆರಗುಗೊಳಿಸಬಲ್ಲದು. ಬೇಯಿಸಿದ ಕಾಳು-ಸೊಪ್ಪನ್ನು ಬಸಿದರೆ ಕೆಳಗೆ ಇಳಿಯುವ ಕಟ್ಟು ಒಂದು ಕಡೆ, ಮೇಲೆ ಉಳಿಯುವ ಕಾಳು-ಸೊಪ್ಪು ಇನ್ನೊಂದು ಕಡೆ. ಬೆಂದ ಕಾಳಿನಲ್ಲೇ ಒಂದು ಹಿಡಿ ತೆಗೆದು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿತುರಿ, ಹುಣಸೆಯ ಜೊತೆ ರುಬ್ಬಿ ಕಟ್ಟಿಗೆ ಸೇರಿಸಿ ಕುದಿಸಿದರೆ ಬಸ್ಸಾರು ಸಿದ್ಧ. ಉಳಿದದ್ದಕ್ಕೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆ ಕೊಟ್ಟರೆ ಪಲ್ಯ. ಚೆಲ್ಲುವುದು ಏನೂ ಇಲ್ಲ. ಬೇಯಿಸಿದ ನೀರಿನಲ್ಲಿ ಕರಗಿದ ಸತ್ವವೂ ಸಾರಿನೊಳಗೇ ಉಳಿಯುತ್ತದೆ. ಮಿತವ್ಯಯವೂ ಪೌಷ್ಟಿಕತೆಯೂ ರುಚಿಯೂ ಇಷ್ಟು ಸಹಜವಾಗಿ ಒಂದೆಡೆ ಕೂಡಿದ ಅಡುಗೆಗಳು ವಿರಳ.

ಬಸ್ಸಾರಿನ ನಿಜವಾದ ಜೊತೆಗಾರ ರಾಗಿಮುದ್ದೆ. ಅದನ್ನು ಮಾಡುವುದು ಒಂದು ಕಲೆಯೇ ಸರಿ. ಮೊದಲು ಸ್ವಲ್ಪ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಹಾಕಬೇಕು. ಎಸರು ಮರಳತೊಡಗಿದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಹಿಟ್ಟಿನ ಕೋಲಿನಿಂದ ಮಧ್ಯೆ ತೂತು ಮಾಡಿ, ಆ ತೂತಿನ ಮೂಲಕ ಎಸರು ಉಕ್ಕಿ ಹಿಟ್ಟೆಲ್ಲ ಬೇಯುವ ತನಕ ಮುಟ್ಟದೆ ಬಿಡಬೇಕು. ಅವಸರಪಟ್ಟವರ ಮುದ್ದೆಯಲ್ಲಿ ಗಂಟು ತಪ್ಪದು. ಆಮೇಲೆ ಉರಿ ತಗ್ಗಿಸಿ, ಪಾತ್ರೆಯನ್ನು ಗಟ್ಟಿಯಾಗಿ ಹಿಡಿದು ತೊಳಸಬೇಕು. ಒದ್ದೆ ಕೈಯಲ್ಲಿ ಬಿಸಿಬಿಸಿಯಾಗಿ ಕಟ್ಟಿದ ಮುದ್ದೆ ನುಣುಪಾಗಿ ಹೊಳೆಯುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿ, ಗೋಧಿಗಳು ಇದರ ಹತ್ತಿರಕ್ಕೂ ಬರುವುದಿಲ್ಲ. ಈ ಧಾನ್ಯದ ಇಳುವರಿಯನ್ನೇ ಬದಲಿಸಿದ ಮಂಡ್ಯದ ತಳಿವಿಜ್ಞಾನಿ ಲಕ್ಷ್ಮಣಯ್ಯನವರನ್ನು ಇಲ್ಲಿ ನೆನೆಯದಿದ್ದರೆ ಕೃತಘ್ನತೆಯಾದೀತು. ಭಾರತದ ಹಾಗೂ ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ಅವರು ರೂಪಿಸಿದ ‘ಇಂಡಾಫ್’ ತಳಿಗಳು ನಾಡಿನ ಮುದ್ದೆಯ ಗಾತ್ರವನ್ನೇ ಹಿಗ್ಗಿಸಿದವು ಎಂದರೆ ಉತ್ಪ್ರೇಕ್ಷೆಯಲ್ಲ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ, ಮಂಡ್ಯ, ತುಮಕೂರಿನ ಮನೆಗಳಿಗೆ ಅದರಲ್ಲಿ ಹೊಸತೇನೂ ಕಂಡಿರಲಾರದು.

ಉತ್ತರಕ್ಕೆ ಹೋದರೆ ಜೋಳದ ರೊಟ್ಟಿ, ಎಣಗಾಯಿ, ಝುಣಕ, ಶೇಂಗಾ ಚಟ್ನಿ. ಶಿರಸಿ-ಸಿದ್ದಾಪುರದ ಕಡೆ ಒಂದೆಲಗದ ತಂಬುಳಿ, ಅಪ್ಪೆಹುಳಿ. ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಒಂದೊಂದೂ ಅತ್ಯಲ್ಪ ಸಾಮಗ್ರಿಯ, ಅಪಾರ ಅನುಭವದ ಫಲ. ಆದರೆ ಈ ಊಟಗಳನ್ನು ವರ್ಣಿಸುವವರು ಬಹುಮಟ್ಟಿಗೆ ಮರೆಯುವ ಅಂಗವೊಂದಿದೆ: ತಟ್ಟೆಯ ಪಕ್ಕದ ಲೋಟ. ನೀರುಮಜ್ಜಿಗೆ, ಅಂಬಲಿ, ಪಾನಕ, ಹಣ್ಣಿನ ಶರಬತ್ತುಗಳೆಲ್ಲ ಊಟದಲ್ಲೇ ಅಡಕವಾಗಿದ್ದವು. ಅಡುಗೆ ಮಾಡಿದ ಕೈಯೇ ಅವುಗಳ ಸಿಹಿ, ಹುಳಿ, ಖಾರಗಳನ್ನೂ ನಿರ್ಧರಿಸುತ್ತಿತ್ತು.

ಈ ಪರಂಪರೆಗೆ ಪ್ರಾಚೀನತೆಯ ಮುದ್ರೆ ಗಾಢವಾಗಿಯೇ ಬಿದ್ದಿದೆ. ಚಾಲುಕ್ಯರ ಕಾಲದ ಇಮ್ಮಡಿ ಚಾವುಂಡರಾಯ ಸುಮಾರು ಕ್ರಿ.ಶ. 1025ರಲ್ಲಿ ರಚಿಸಿದ ‘ಲೋಕೋಪಕಾರ’ ಕೃಷಿ, ವಾಸ್ತು, ಪಶುವೈದ್ಯಗಳ ಸಾಲಿನಲ್ಲಿ ಪಾಕವಿದ್ಯೆಗೂ ಗೌರವದ ಸ್ಥಾನ ಕೊಟ್ಟಿತು. ಮುಂದಿನ ಶತಮಾನದಲ್ಲಿ ಕಲ್ಯಾಣದ ಸಿಂಹಾಸನದಲ್ಲಿ ಕುಳಿತ ಮೂರನೆಯ ಸೋಮೇಶ್ವರ ತನ್ನ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವನ್ನು ವರ್ಣಿಸಿ ಅಲ್ಲಿಗೇ ನಿಲ್ಲಲಿಲ್ಲ, ಕುಡಿಯುವ ನೀರನ್ನು ಶುದ್ಧಗೊಳಿಸಿ ಸುವಾಸಿತಗೊಳಿಸುವ ಕ್ರಮಗಳನ್ನೂ ಪಾನೀಯಭೋಗದಲ್ಲಿ ವಿವರಿಸಿದ. 1508ರಲ್ಲಿ ಮೂರನೆಯ ಮಂಗರಸ ವಾರ್ಧಕ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ವಂತೂ ಪಾನಕಗಳಿಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ. ಅಡುಗೆಯ ವಿಧಾನವನ್ನು ಷಟ್ಪದಿಗೆ ಒಗ್ಗಿಸುವಷ್ಟು ಉತ್ಸಾಹ ಒಬ್ಬ ಕವಿಗಿತ್ತು ಎಂಬುದೇ ಆ ಕಾಲದ ಭೋಜನಪ್ರೀತಿಗೆ ಸಾಕ್ಷಿ.

ಇಂದಿಗೂ ರಾಮನವಮಿಯಂದು ಪಾನಕ-ಕೋಸಂಬರಿ ಇಲ್ಲದ ಬೀದಿ ಹಳೇ ಮೈಸೂರಿನಲ್ಲಿ ಸಿಗುವುದು ಕಷ್ಟ. ಬೆಲ್ಲ, ನಿಂಬೆರಸ, ಏಲಕ್ಕಿ, ಕಾಳುಮೆಣಸು, ಶುಂಠಿ ಕೂಡಿದ ಈ ಪೇಯ ಚೈತ್ರದ ಬಿಸಿಲಿಗೆ ತಕ್ಕ ಉತ್ತರ. ಬೆವರಿನಲ್ಲಿ ಕಳೆದುಹೋದ ನೀರನ್ನು ತುಂಬಿ, ತಕ್ಷಣಕ್ಕೆ ಶಕ್ತಿಯನ್ನೂ ಕೊಡುತ್ತದೆ. ಕೆಲವರ ಮನೆಯಲ್ಲಿ ಬೇಲದ ಹಣ್ಣಿನ ಪಾನಕ, ಕೆಲವರಲ್ಲಿ ಕರಬೂಜದ್ದು. ಸಹ್ಯಾದ್ರಿಯ ಮಡಿಲಿನಲ್ಲಿ ಪೇಯಗಳ ರಾಣಿ ಬೇರೆಯೇ: ಉತ್ತರ ಕನ್ನಡದವರ ಮುರುಗಲು, ತುಳುನಾಡಿನವರ ಪುನರ್ಪುಳಿ. ಬೇಸಿಗೆಯ ಕೊನೆಗೆ ಹಣ್ಣಾಗುವ ಈ ಕಾಯಿಯ ಸಿಪ್ಪೆಯನ್ನು ನೆನೆಹಾಕಿದರೆ ನೀರು ಮಾಣಿಕ್ಯವರ್ಣ ತಳೆಯುತ್ತದೆ. ಯಾವ ಕೃತಕ ಬಣ್ಣಕ್ಕೂ ಆ ಕಾಂತಿ ಸಾಧ್ಯವಿಲ್ಲ ಎಂಬುದು ಈ ಲೇಖಕನ ಪಕ್ಷಪಾತವೆನ್ನಿ, ಸತ್ಯವೆನ್ನಿ.

ಹೀಗೆ ಪಾನಕಗಳ ನಾಡಾಗಿದ್ದ ಇಲ್ಲಿಗೆ ಗುಳ್ಳೆಗಳು ಬಂದದ್ದು ಸಮುದ್ರದಾಚೆಯಿಂದ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಬಿಯರ್ ತಯಾರಿಕೆಯ ಮನೆಯೊಂದರ ನೆರೆಯಲ್ಲಿದ್ದ ಜೋಸೆಫ್ ಪ್ರೀಸ್ಟ್ಲಿ, ಹುದುಗುವ ತೊಟ್ಟಿಗಳ ಮೇಲೆ ನಿಲ್ಲುತ್ತಿದ್ದ ಅನಿಲವನ್ನು ನೀರಿಗೆ ಬೆರೆಸುವ ಪ್ರಯೋಗವನ್ನು 1767ರ ಹೊತ್ತಿಗೆ ಮಾಡಿ, 1772ರಲ್ಲಿ ಅದರ ವಿಧಾನವನ್ನು ಪ್ರಕಟಿಸಿದರು. ಜಿನೀವಾದಲ್ಲಿ ಯೋಹಾನ್ ಯಾಕೋಬ್ ಶ್ವೆಪ್ 1783ರಲ್ಲಿ ಅದನ್ನೇ ಉದ್ಯಮವಾಗಿಸಿದರು. ಆದರೆ ನಮ್ಮ ಜಾತ್ರೆಗಳ ಮಟ್ಟಿಗೆ ನಿಜವಾದ ನಾಯಕ ಹೈರಮ್ ಕಾಡ್. 1872ರಲ್ಲಿ ಆತ ಪೇಟೆಂಟ್ ಪಡೆದ ಬಾಟಲಿಯ ಕತ್ತಿನೊಳಗೆ ಗಾಜಿನ ಗೋಲಿಯಿತ್ತು. ಬಾಟಲಿಯನ್ನು ತಲೆಕೆಳಗು ಮಾಡಿ ತುಂಬಿದಾಗ ಗೋಲಿ ಬಾಯಿಯ ಕಡೆಗೆ ಇಳಿದು, ಒಳಗಿನ ಅನಿಲದ ಒತ್ತಡವೇ ಅದನ್ನು ರಬ್ಬರಿನ ಉಂಗುರಕ್ಕೆ ಅದುಮಿ ಹಿಡಿಯುತ್ತದೆ. ಬಿರಡೆ ಬೇಡ, ಮುಚ್ಚಳ ಬೇಡ. ಹೆಬ್ಬೆರಳಿನ ಒಂದು ಒತ್ತು ಸಾಕು. ತನ್ನನ್ನು ತಾನೇ ಮುಚ್ಚಿಕೊಳ್ಳುವ ಈ ಸೀಸೆ ಹುಟ್ಟಿದ ನಾಡಿನಲ್ಲಿ ಬಹುತೇಕ ಮರೆಯಾದರೂ, ಗೋಲಿ ಸೋಡಾ ಎಂಬ ಹೆಸರಿನಲ್ಲಿ ನಮ್ಮ ಸಂತೆ, ಬಸ್ ನಿಲ್ದಾಣಗಳಲ್ಲಿ ತಲೆಮಾರುಗಟ್ಟಲೆ ಬಾಳಿತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪೇಯ ಕ್ರಮೇಣ ಅಡುಗೆಮನೆ ಬಿಟ್ಟು ಅಂಗಡಿಯ ಫ್ರಿಜ್ ಸೇರಿತು. ಕೋಕಾ ಕೋಲಾ 1977ರಲ್ಲಿ ಭಾರತದಿಂದ ನಿರ್ಗಮಿಸಿ, ಉದಾರೀಕರಣದ ಬಳಿಕ 1993ರಲ್ಲಿ ಮರಳಿತು. ನಡುವಿನ ಅವಧಿಯಲ್ಲಿ ದೇಶೀ ಕೋಲಾಗಳು ಮೆರೆದವು. ಕರಾವಳಿಯ ಪುತ್ತೂರಿನಿಂದ ಹೊರಟ ಬಿಂದು ಜೀರಿಗೆ ಸೋಡಾದ ಜನಪ್ರಿಯತೆ, ಮನೆಮನೆಯ ಮಸಾಲೆಯ ರುಚಿಗೆ ಮಾರುಕಟ್ಟೆಯಲ್ಲೂ ಎಂಥ ಸೆಳೆತವಿದೆ ಎಂಬುದನ್ನು ತೋರಿಸಿಕೊಟ್ಟಿತು. ಆದರೆ ಈ ಪಯಣದಲ್ಲಿ ಸಕ್ಕರೆಯ ಅಳತೆ ಮಾತ್ರ ಮನೆಯವರ ಕೈತಪ್ಪಿತು. ಸಾಮಾನ್ಯ ಕೋಲಾದ 330 ಮಿಲಿಲೀಟರಿನ ಒಂದು ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ ಹೇಳುವಂತೆ, ಬೆರೆಸಿದ ಸಕ್ಕರೆಯಿಂದ ದಿನದ ಶಕ್ತಿಯ ಶೇ 10ಕ್ಕಿಂತ ಕಡಿಮೆ ಬರಬೇಕು. ಶೇ 5ಕ್ಕಿಂತ, ಅಂದರೆ ಸುಮಾರು 25 ಗ್ರಾಂಗಿಂತ ಕೆಳಗಿಳಿಸಿದರೆ ಇನ್ನೂ ಒಳ್ಳೆಯದು. ಒಂದೇ ಡಬ್ಬಿಯಲ್ಲಿ ಆ ಲೆಕ್ಕ ಮುಗಿದೇ ಹೋಗುತ್ತದೆ.

ಈಗ ಹಲವು ಮನೆಗಳಲ್ಲಿ ಮೂಡಿರುವ ಹೊಸ ಉತ್ಸಾಹವೆಂದರೆ, ಪಾನಕಕ್ಕೂ ಗುಳ್ಳೆಗೂ ಮನೆಯಲ್ಲೇ ಮದುವೆ ಮಾಡಿಸುವುದು. ಇದಕ್ಕೆ ಯಂತ್ರ ಬೇಕಿಲ್ಲ. ಹಸಿಶುಂಠಿಯ ಸಿಪ್ಪೆಯ ಮೇಲೆ ಸಹಜವಾಗಿಯೇ ನೆಲೆಸಿರುವ ಸೂಕ್ಷ್ಮಜೀವಿಗಳು ಸಾಕು. ಮೊಸರಿಗೆ ಹೆಪ್ಪು ಹೇಗೋ ಸೋಡಾಕ್ಕೆ ಶುಂಠಿಯ ಹೆಪ್ಪು ಹಾಗೆ. ಕುದಿಸಿ ಆರಿಸಿದ ಎರಡು ಲೋಟ ನೀರನ್ನು ಗಾಜಿನ ಜಾಡಿಗೆ ಹಾಕಿ, ಸಿಪ್ಪೆ ಸಹಿತ ತುರಿದ ಶುಂಠಿ ಎರಡು ಚಮಚ, ಪುಡಿ ಮಾಡಿದ ಬೆಲ್ಲ ಎರಡು ಚಮಚ ಬೆರೆಸಿ, ತೆಳುಬಟ್ಟೆ ಕಟ್ಟಿಡಬೇಕು. ದಿನಕ್ಕೊಮ್ಮೆ ಒಂದೊಂದು ಚಮಚ ಶುಂಠಿ, ಬೆಲ್ಲ ಸೇರಿಸಿ ಕಲಕುತ್ತ ಹೋದರೆ ನಾಲ್ಕಾರು ದಿನಗಳಲ್ಲಿ ಮೇಲೆ ಸಣ್ಣ ನೊರೆ ಕಟ್ಟುತ್ತದೆ, ಕಲಕಿದಾಗ ಚುರುಚುರು ಸದ್ದು ಕೇಳುತ್ತದೆ, ಹುಳಿಮಿಶ್ರಿತ ಪರಿಮಳ ಹರಡುತ್ತದೆ. ಬೂಷ್ಟು ಹಿಡಿದರೆ, ಕೆಟ್ಟ ವಾಸನೆ ಬಂದರೆ ಮರುಮಾತಿಲ್ಲದೆ ಚೆಲ್ಲಬೇಕು. ಚೆನ್ನಾಗಿ ಎದ್ದ ಹೆಪ್ಪನ್ನು ಸೋಸಿ, ಒಂದು ಲೀಟರ್ ತಣಿದ ಪಾನಕಕ್ಕೋ ಮುರುಗಲಿನ ರಸಕ್ಕೋ ಕಾಲು ಲೋಟದಷ್ಟು ಬೆರೆಸಿ, ಮೇಲೆ ನಾಲ್ಕು ಬೆರಳಷ್ಟು ಜಾಗ ಬಿಟ್ಟು ಬಾಟಲಿಗೆ ತುಂಬಿ ಮುಚ್ಚುವುದು.

ಒಳಗೆ ನಡೆಯುವ ವಿದ್ಯಮಾನ ರೋಚಕ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಬೆಲ್ಲದ ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಹೊರಬರಲು ದಾರಿಯಿಲ್ಲದ ಅನಿಲ ನೀರಿನಲ್ಲೇ ಕರಗಿ ಒಂದಂಶ ಕಾರ್ಬಾನಿಕ್ ಆಮ್ಲವಾಗುತ್ತದೆ; ನಾಲಿಗೆಗೆ ಚುರುಕು ಮುಟ್ಟಿಸುವುದು ಅದೇ. ತಂಪಿಗೂ ಇದಕ್ಕೂ ಗಾಢ ಸಂಬಂಧ. 0 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸಾಮಾನ್ಯ ಒತ್ತಡದಲ್ಲೇ ಸುಮಾರು 1.7 ಲೀಟರ್ ಅನಿಲವನ್ನು ಕರಗಿಸಿಕೊಂಡರೆ, 30 ಡಿಗ್ರಿಯಲ್ಲಿ ಅದು ಮುಕ್ಕಾಲು ಲೀಟರಿಗಿಂತಲೂ ಕಡಿಮೆ. ಆದ್ದರಿಂದಲೇ ಬೆಚ್ಚಗಿನ ಸೋಡಾ ಮುಚ್ಚಳ ತೆರೆದೊಡನೆ ಉಕ್ಕಿ ಚೆಲ್ಲುತ್ತದೆ, ಫ್ರಿಜ್ಜಿನದ್ದು ಲೋಟದಲ್ಲಿ ಬಹಳ ಹೊತ್ತು ಗುಳ್ಳೆ ಬಿಡುತ್ತದೆ.

ಇಲ್ಲಿ ಎಚ್ಚರವೂ ಅಷ್ಟೇ ಮುಖ್ಯ. ತೆಳು ಗಾಜಿನ ಬಾಟಲಿ ಒತ್ತಡ ತಾಳದೆ ಒಡೆದು ಚೂರು ಸಿಡಿಯಬಹುದು. ಸೋಡಾ ತುಂಬಿ ಬಂದಿದ್ದ ಪ್ಲಾಸ್ಟಿಕ್ ಬಾಟಲಿಯೇ ಹೊಸಬರಿಗೆ ಕ್ಷೇಮ; ಅದುಮಿ ನೋಡಿದಾಗ ಕಲ್ಲಿನಂತೆ ಗಟ್ಟಿಯಾಗಿದ್ದರೆ ಕೂಡಲೇ ಫ್ರಿಜ್ಜಿಗೆ ಸೇರಿಸಬೇಕು. ಬಯಲುಸೀಮೆಯ ಬೇಸಿಗೆಯಲ್ಲಿ ಇದಕ್ಕೆ ಒಂದು ಹಗಲು, ಒಂದು ರಾತ್ರಿ ಸಾಕಾದೀತು. ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ತಡ. ಹುದುಗುವಾಗ ಅತ್ಯಲ್ಪ ಪ್ರಮಾಣದ ಮದ್ಯಸಾರವೂ ಉಂಟಾಗುತ್ತದೆ, ದಿನಗಳು ಕಳೆದಂತೆ ಹೆಚ್ಚುತ್ತದೆ. ಆದ್ದರಿಂದ ಎರಡು ಮೂರು ದಿನಗಳಲ್ಲಿ ಮುಗಿಸುವುದು ಒಳಿತು. ಪುಟ್ಟ ಮಕ್ಕಳಿಗೂ ಗರ್ಭಿಣಿಯರಿಗೂ ಇದು ಬೇಡ. ಅವರಿಗಾಗಿ ಸುಲಭದ ದಾರಿಯಿದೆ: ಗಟ್ಟಿ ಪಾನಕವನ್ನೋ ಹಣ್ಣಿನ ತಿರುಳನ್ನೋ ಲೋಟದ ತಳಕ್ಕೆ ಹಾಕಿ ಸಾದಾ ಸೋಡಾ ಸುರಿಯುವುದು. ನಿಂಬೆ ಶರಬತ್ತಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ನೊರೆ ಎಬ್ಬಿಸುವ ಹಳೆಯ ಉಪಾಯವೂ ಇದೆ. ನಿಂಬೆಯ ಆಮ್ಲ ಸೋಡಾಪುಡಿಯೊಡನೆ ಕೂಡಿದ ಕ್ಷಣವೇ ಅನಿಲ ಚಿಮ್ಮುತ್ತದೆ. ಆದರೆ ನೊರೆ ಇಳಿಯುವ ಮುನ್ನ ಕುಡಿಯಬೇಕು, ಚಿಟಿಕೆ ಮೀರಿದರೆ ಬಾಯೆಲ್ಲ ಚೌಳು. ರಕ್ತದೊತ್ತಡವಿರುವ ಹಿರಿಯರು ಇದರಿಂದ ದೂರ ಉಳಿಯುವುದು ಲೇಸು.

ಸಿಹಿಯ ವಿಷಯದಲ್ಲಿ ಭ್ರಮೆ ಸಲ್ಲದು. ಬೆಲ್ಲವೂ ಬಹುಪಾಲು ಸಕ್ಕರೆಯೇ. ಅದರಲ್ಲಿರುವ ಖನಿಜಾಂಶಗಳು ಅಲ್ಪ. ಜೇನೂ ಅದೇ ಲೆಕ್ಕಕ್ಕೆ ಸೇರುತ್ತದೆ, ಒಂದು ವರ್ಷ ತುಂಬದ ಶಿಶುವಿಗಂತೂ ಅದನ್ನು ಕೊಡಲೇಕೂಡದು. ಬೆಲ್ಲದ ಹಿರಿಮೆ ಇರುವುದು ಅದರ ಗಾಢವಾದ ರುಚಿಯಲ್ಲಿ. ಜೊತೆಗೆ ಶುಂಠಿ, ಏಲಕ್ಕಿ, ಹುಳಿ ಇರುವಾಗ ಒಂದು ಲೋಟಕ್ಕೆ ಎರಡು ಚಮಚ, ಎಂದರೆ ಹತ್ತು ಗ್ರಾಂನಷ್ಟು ಬೆಲ್ಲ ಧಾರಾಳವಾಯಿತು. ಮಾಗಿದ ಮಾವು, ದ್ರಾಕ್ಷಿ, ಅನಾನಸ್ ಬೆರೆತರೆ ಅದನ್ನೂ ಇಳಿಸಬಹುದು. ಬೆಲ್ಲ ಕೊಳ್ಳುವಾಗ ಹೊನ್ನಿನ ಬಣ್ಣಕ್ಕೆ ಮರುಳಾಗದಿರುವುದು ಜಾಣತನ. ಆ ಹೊಳಪಿಗಾಗಿ ಕೆಲವೆಡೆ ಕಬ್ಬಿನ ಹಾಲಿಗೆ ರಾಸಾಯನಿಕ ಬೆರೆಸುವುದುಂಟು. ಬೆಂಡೆ ಗಿಡದ ಲೋಳೆಯಿಂದ ಕೊಳೆ ತೆಗೆದು ಕಾಯಿಸಿದ ಮಂಡ್ಯ ಸೀಮೆಯ ಕಂದು ಬಣ್ಣದ ಬೆಲ್ಲ ನೋಟಕ್ಕೆ ಮಂಕಾದರೂ ಪರಿಮಳದಲ್ಲಿ ಸಂಪನ್ನ. ಶಿರಸಿ, ಸಾಗರದ ಆಲೆಮನೆಗಳ ಜೋನಿಬೆಲ್ಲ ಸಿಕ್ಕವರಂತೂ ಭಾಗ್ಯವಂತರು. ಅದು ನೀರಿನಲ್ಲಿ ಸಲೀಸಾಗಿ ಬೆರೆಯುವುದರಿಂದ ಸೋಡಾಕ್ಕೆ ಹೇಳಿ ಮಾಡಿಸಿದ್ದು.

ಯಾವ ಊಟಕ್ಕೆ ಯಾವ ಪೇಯ? ಖಾರವಾದ ಬಸ್ಸಾರು-ಮುದ್ದೆಯ ಬಳಿಕ ನೀರುಮಜ್ಜಿಗೆಯನ್ನು ಮೀರಿಸುವ ಪೇಯ ಇನ್ನೂ ಹುಟ್ಟಿಲ್ಲ. ಆ ಸ್ಥಾನಕ್ಕೆ ಸೋಡಾ ಕೈಹಾಕದಿರಲಿ. ಎಣ್ಣೆ ಧಾರಾಳವಾಗಿರುವ ಎಣಗಾಯಿ-ರೊಟ್ಟಿಗೆ ಹುರಿದ ಜೀರಿಗೆ, ಕಪ್ಪುಪ್ಪು, ನಿಂಬೆ ಬೆರೆತ ಬೆಲ್ಲದ ಸೋಡಾ ಸೊಗಸು. ಭಾನುವಾರದ ಬಿಸಿಬೇಳೆ ಭಾತಿಗೆ ಶುಂಠಿ ಸೋಡಾ, ಸಂಜೆಯ ಚುರುಮುರಿಗೆ ಮುರುಗಲಿನದು. ಮುರುಗಲು ಬಯಸುವವರು ಬೇಸಿಗೆ ಮುಗಿಯುವುದರೊಳಗೆ, ಮೊದಲ ಮಳೆ ಹಣ್ಣನ್ನು ಕೊಳೆಸುವ ಮುನ್ನವೇ ಸಿಪ್ಪೆ ಬಿಡಿಸಿ, ಗರಿಗರಿಯಾಗುವ ತನಕ ಬಿಸಿಲಿಗೆ ಒಣಗಿಸಿ ಭರಣಿಗೆ ತುಂಬಿಟ್ಟುಕೊಳ್ಳಬೇಕು. ಆಮೇಲೆ ವರ್ಷವಿಡೀ, ಬೇಕೆನಿಸಿದಾಗ ನಾಲ್ಕು ಸಿಪ್ಪೆ ನೆನೆಹಾಕಿದರಾಯಿತು.