ಹರಿಶ್ಚಂದ್ರ ಘಾಟಿನ ಮನೆಯಲ್ಲಿ ಗಣಿತ ಪಾಠ

ನಮ್ಮ ಮನೆ ಇರುವುದು ಕಾಶಿಯಲ್ಲಿ, ಹರಿಶ್ಚಂದ್ರ ಘಾಟಿನ ಮೇಲಣ ಗಲ್ಲಿಯೊಂದರಲ್ಲಿ. ಮೆಟ್ಟಿಲಿಳಿದು ಗಂಗೆಗೆ ಮುಖಮಾಡಿ ನಿಂತರೆ ಬಲಗಡೆಗೆ ಕರ್ನಾಟಕ ಘಾಟ್, ಅದರಾಚೆ ಹನುಮಾನ್ ಘಾಟ್. ಎಡಗಡೆಗೆ ತುಸು ದೂರದಲ್ಲಿ ಕೇದಾರ ಘಾಟ್. ದಕ್ಷಿಣದವರು ತಲೆತಲಾಂತರದಿಂದ ನೆಲೆಸಿರುವ ಈ ಗಲ್ಲಿಗಳಲ್ಲಿ ಕನ್ನಡದ ಮಾತು ಕಿವಿಗೆ ಬೀಳುವುದು ಅಪರೂಪವಲ್ಲ. ಕೆಳಗೆ ಹಗಲಿರುಳು ಚಿತೆ ಉರಿಯುತ್ತಿರುತ್ತದೆ. “ಇಂಥ ಕಡೆ ಮಗುವನ್ನು ಹೇಗೆ ಬೆಳೆಸುತ್ತೀರಿ?” ಎಂದು ಊರಿನಿಂದ ಬಂದ ನೆಂಟರು ಕೇಳುವುದುಂಟು. ಆದರೆ ಅವರು ಅದಕ್ಕಿಂತಲೂ ಹೆಚ್ಚಾಗಿ ಬೆರಗಾಗುವುದು ಸಂಜೆಯ ಹೊತ್ತು. ದೇವರ ಮುಂದೆ ದೀಪ ಹಚ್ಚಿ, ಅಜ್ಜಿಗೆ ನಮಸ್ಕಾರ ಮಾಡಿ, ನಮ್ಮ ಮಗಳು ಕಂಪ್ಯೂಟರಿನ ಮುಂದೆ ಕುಳಿತು ಅಮೆರಿಕದ ಒಂದು ಕ್ರೈಸ್ತ ಶಾಲೆಯ ಗಣಿತ ಪಾಠ ಕೇಳುತ್ತಾಳೆ!

ಇದು ಹೇಗೆ ಒದಗಿತೆಂಬುದನ್ನು ಮೊದಲು ಹೇಳಬೇಕು. 2020ರಲ್ಲಿ ಕೋವಿಡ್ ಪಿಡುಗಿನಿಂದ ಎಲ್ಲೆಲ್ಲೂ ಶಾಲೆಗಳು ಮುಚ್ಚಿದಾಗ ನಾವು ಅಮೆರಿಕದಲ್ಲಿದ್ದೆವು. ನೆರೆಮನೆಯ ಮಕ್ಕಳು ಓದುತ್ತಿದ್ದ ಆನ್‌ಲೈನ್ ಶಾಲೆಗೇ ನಮ್ಮ ಮಗಳನ್ನೂ ಸೇರಿಸಿದೆವು. ಆ ದೇಶದಲ್ಲಿ ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳಿಸುವ ಪದ್ಧತಿ 1970ರ ದಶಕದಿಂದೀಚೆಗೆ, ಅದರಲ್ಲಿಯೂ ಕ್ರೈಸ್ತ ಕುಟುಂಬಗಳಲ್ಲಿ, ಬಹಳವಾಗಿ ಬೆಳೆಯಿತು. 1993ರ ಹೊತ್ತಿಗೆ ಅದು ಐವತ್ತು ರಾಜ್ಯಗಳಲ್ಲಿಯೂ ಕಾನೂನುಬದ್ಧವಾಗಿತ್ತು. ಮೊದಲು ಅಂಚೆಯಲ್ಲಿ ಪುಸ್ತಕಗಳಾಗಿ ಬರುತ್ತಿದ್ದ ಪಾಠಗಳು ಈಗ ಅಂತರ್ಜಾಲದಲ್ಲಿ ಬರುತ್ತವೆ. ಮುಂದೆ ಉದ್ಯೋಗ ನಮ್ಮನ್ನು ಕಾಶಿಗೆ ತಂದಿತು. ಮಗಳಿಗೆ ಹಿಂದಿ ಬಾರದು. ಇಲ್ಲಿನ ತರಗತಿಗೆ ಏಕಾಏಕಿ ಕೂರಿಸಲು ನಮಗೆ ಧೈರ್ಯ ಬರಲಿಲ್ಲ. ಎಂಟನೆಯ ತರಗತಿ ಮುಗಿಯುವವರೆಗೆ ಅದೇ ಶಾಲೆ ಇರಲಿ, ಒಂಬತ್ತಕ್ಕೆ ಇಲ್ಲಿ ಸೇರಿಸೋಣ ಎಂದುಕೊಂಡೆವು.

ಧಾರವಾಡದಿಂದ ನಮ್ಮೊಡನೆ ಬಂದಿರುವ ಅಜ್ಜಿಗೆ ಮೊದಲು ಸ್ವಲ್ಪ ಅಳುಕಿತ್ತು. ಪಾಠದ ಆರಂಭದಲ್ಲಿ ಪ್ರಾರ್ಥನೆ, ಲೆಕ್ಕಗಳಲ್ಲಿ ಬೈಬಲಿನ ಕಥೆ. ಆದರೆ ಅಳುಕನ್ನು ಕಳೆದುಕೊಂಡವರೂ ಅವರೇ. “ನಮ್ಮಪ್ಪ ಬಾಸೆಲ್ ಮಿಶನ್ ಸಾಲ್ಯಾಗ ಓದಿದವರು. ಲೆಕ್ಕಾನೂ ಬಂತು, ಸಂಧ್ಯಾವಂದನೀನೂ ಉಳೀತು” ಎಂದು ನಕ್ಕುಬಿಟ್ಟರು. ಹೊಸತೇನೂ ಅಲ್ಲ ಎನ್ನುವುದಕ್ಕೆ ಈ ಊರಿನಲ್ಲಿಯೇ ಸಾಕ್ಷಿಯಿದೆ. ಶ್ರದ್ಧಾವಂತ ಹಿಂದೂಗಳಾಗಿದ್ದ ರಾಜಾ ಜಯನಾರಾಯಣ ಘೋಷಾಲರು ಕಾಶಿಯ ತಮ್ಮ ಶಾಲೆಯನ್ನು 1818ರಲ್ಲಿ ಚರ್ಚ್ ಮಿಶನರಿ ಸೊಸೈಟಿಯ ಕೈಗೆ ಒಪ್ಪಿಸಿದರು. ಆ ಶಾಲೆಯ ಪರಂಪರೆ ಇಂದಿಗೂ ನಡೆದುಬಂದಿದೆ.

ಕೆಲವು ಲೆಕ್ಕಗಳಂತೂ ಅಜ್ಜಿಗೆ ಮೆಚ್ಚುಗೆಯಾದುವು. ಶೇಕಡಾವಾರು ಪಾಠದಲ್ಲಿ ಆದಾಯದ ಹತ್ತರಲ್ಲೊಂದು ಪಾಲನ್ನು ದೇವರಿಗೆ ಕೊಡುವ ಲೆಕ್ಕ ಬಂದಿತು. ಇದನ್ನು ಕನ್ನಡದ ಕ್ರೈಸ್ತ ಬಂಧುಗಳು ‘ದಶಮಾಂಶ’ ಎನ್ನುವುದುಂಟು. ನಮ್ಮ ಗಣಿತದಲ್ಲಿಯೂ ದಶಮಾಂಶ ಉಂಟು! ಘನಫಲದ ಪಾಠದಲ್ಲಿ ನೋಹನ ನಾವೆ ಬಂದಿತು: ಉದ್ದ 300 ಮೊಳ, ಅಗಲ 50, ಎತ್ತರ 30. ಗುಣಿಸಿದರೆ ನಾಲ್ಕೂವರೆ ಲಕ್ಷ ಘನ ಮೊಳ. ಹೂವಿನ ಬುಟ್ಟಿಯ ಮುಂದೆ ಕುಳಿತಿದ್ದ ಅಜ್ಜಿ ಕೇಳಿದ್ದು ಇಷ್ಟೇ: “ಮೊಳ ಅಂದ್ರ ಯಾರ ಕೈದು? ಅಂವಂದೋ, ನಮ್ಮ ಹೂವು ಮಾರಾಕಿದೋ?” ಅಳತೆಗೆ ಒಂದೇ ಗೊತ್ತಾದ ಮಾನ ಏಕೆ ಬೇಕೆಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಉಪಾಧ್ಯಾಯರು ಹೇಳಿಯಾರು?

ಮಾನದ ತೊಡಕು ಬೇರೆ ಕಡೆಯೂ ಇತ್ತು. ಪುಸ್ತಕದಲ್ಲಿ ಇಂಚು, ಪೌಂಡು, ಗ್ಯಾಲನ್. ಬೀದಿಯಲ್ಲಿ ಸೆಂಟಿಮೀಟರು, ಕಿಲೋ, ಲೀಟರು. ಪುಸ್ತಕದಲ್ಲಿ ಮಿಲಿಯನ್, ಪತ್ರಿಕೆಯಲ್ಲಿ ಲಕ್ಷ, ಕೋಟಿ. ಗಡಿಯಾರವೂ ಸುಮ್ಮನಿರದು. ಅಲ್ಲಿಯ ಬೆಳಗಿನ ಹತ್ತು ಗಂಟೆಯ ಪಾಠ ನಮಗೆ ಬೇಸಗೆಯಲ್ಲಿ ಸಂಜೆ ಏಳೂವರೆಗೆ. ನವೆಂಬರಿನಲ್ಲಿ ಅವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ ಮೇಲೆ ಎಂಟೂವರೆಗೆ. ಇವೆಲ್ಲವನ್ನೂ ನಾವು ಹೇಗೋ ಸರಿದೂಗಿಸಿಕೊಂಡೆವು. ಸರಿದೂಗಿಸದೆ ಬಿಟ್ಟದ್ದು ಮತ್ತೊಂದು. ಈ ಲೇಖನಕ್ಕೆ ಅದೇ ಕಾರಣ.

ಇಂಥ ಶಾಲೆಗಳಲ್ಲಿ ಪರೀಕ್ಷೆಯ ಹೊಣೆಯನ್ನು ಬಹುಮಟ್ಟಿಗೆ ಮನೆಯವರೇ ಹೊರಬೇಕು. 1970ರಲ್ಲಿ ಟೆಕ್ಸಾಸಿನಲ್ಲಿ ಹುಟ್ಟಿದ ‘ಆಕ್ಸೆಲರೇಟೆಡ್ ಕ್ರಿಶ್ಚಿಯನ್ ಎಜುಕೇಶನ್’ ಎಂಬ ಪದ್ಧತಿಯಲ್ಲಿ, ಮಗುವೇ ತಾನು ಮಾಡಿದ ಅಭ್ಯಾಸವನ್ನು ಉತ್ತರದೊಡನೆ ಹೋಲಿಸಿ ತಿದ್ದಿಕೊಳ್ಳುತ್ತದೆ. ನಮ್ಮದು ಬೇರೆ ಶಾಲೆ. ಅಲ್ಲಿ ತಿದ್ದುವವರು ತಂದೆತಾಯಿಗಳು. ಉತ್ತರ ಪುಸ್ತಕ ನಮ್ಮ ಬಳಿ ಇರತಕ್ಕದ್ದು. ಮಗು ಪರೀಕ್ಷೆ ಬರೆಯುವಾಗ ನಾವು ಎದುರಿಗೆ ಕೂರತಕ್ಕದ್ದು. ತಿದ್ದಿ, ಅಂಕಗಳನ್ನು ನಮೂದಿಸಿ, ಕೆಳಗೆ ನಮ್ಮ ಹೆಸರು ಹಾಕತಕ್ಕದ್ದು. ಏರ್ಪಾಡು ಒಳ್ಳೆಯದೇ. ಆದರೆ ಇಬ್ಬರೂ ದುಡಿಯುವ ಮನೆಯಲ್ಲಿ ‘ನಾಳೆ ತಿದ್ದೋಣ’ ಎಂಬ ಮಾತು ‘ನೀನೇ ತಿದ್ದಿಕೋ’ ಎಂದಾಗಲು ತಡವಾಗಲಿಲ್ಲ. ಉತ್ತರ ಪುಸ್ತಕ ಮಗಳ ಮೇಜಿಗೇ ಹೋಯಿತು. ಏಳನೆಯ ತರಗತಿಯ ಕೊನೆಗೆ ಗಣಿತದಲ್ಲಿ ನೂರಕ್ಕೆ 96 ಬಂದುವು. ನಾವು ಊರಿಗೆಲ್ಲ ಫೋನು ಮಾಡಿ ಹೇಳಿದೆವು.

2025ರ ಆಗಸ್ಟಿನಲ್ಲಿ ಗಂಗೆ ಉಕ್ಕಿದಳು. ಘಾಟುಗಳೆಲ್ಲ ಮುಳುಗಿದುವು. ಕಾಶಿಯಲ್ಲಿ ಪ್ರವಾಹಕ್ಕೆ ಎರಡು ಗುರುತುಗಳುಂಟು: 70.262 ಮೀಟರು ಎಚ್ಚರಿಕೆಯ ಮಟ್ಟ, 71.262 ಮೀಟರು ಅಪಾಯದ ಮಟ್ಟ. 1978ರ ಮಹಾಪೂರದಲ್ಲಿ ನೀರು 73.901ರವರೆಗೆ ಏರಿತ್ತು. ಮಳೆಗಾಲದಲ್ಲಿ ಇಲ್ಲಿನ ಚಹದಂಗಡಿಯವನಿಗೂ ಈ ಅಂಕೆಗಳು ಬಾಯಿಪಾಠ. ಒಂದು ಸಂಜೆ ವಿದ್ಯುತ್ತು ಹೋಗಿತ್ತು. ಹೊತ್ತು ಕಳೆಯಲೆಂದು ನಾವು ಮಗಳಿಗೆ ಒಂದು ಲೆಕ್ಕ ಕೊಟ್ಟೆವು: “ನೀರು 70.302 ಮೀಟರಿನಲ್ಲಿದೆ ಎಂದಿಟ್ಟುಕೋ. ಗಂಟೆಗೆ 4 ಸೆಂಟಿಮೀಟರಿನಂತೆ ಏರಿದರೆ ಅಪಾಯದ ಮಟ್ಟ ಮುಟ್ಟಲು ಎಷ್ಟು ಹೊತ್ತು ಬೇಕು?”

ಅವಳು ಬಹಳ ಹೊತ್ತು ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಕೊನೆಗೆ, “ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷ” ಎಂದಳು. ಒಳಗೆ ಅರ್ಧ ಮಾತು ಮಾತ್ರ ಕೇಳಿಸಿಕೊಂಡ ಅಜ್ಜಿ ಆಗಲೇ ದೇವರ ಪೆಟ್ಟಿಗೆ ಕಟ್ಟಲು ಎದ್ದಿದ್ದರು! ಉಳಿದಿರುವುದು 0.96 ಮೀಟರು, ಅಂದರೆ 96 ಸೆಂಟಿಮೀಟರು. ನಾಲ್ಕರಿಂದ ಭಾಗಿಸಿದರೆ 24 ಗಂಟೆ. ಅವಳು 4 ಸೆಂಟಿಮೀಟರನ್ನು 0.04 ಮೀಟರು ಎಂದು ಬರೆಯುವ ಬದಲು 0.4 ಎಂದು ಬರೆದಿದ್ದಳು. ಚುಕ್ಕಿ ಒಂದು ಸ್ಥಾನ ಸರಿದುದಕ್ಕೆ ಒಂದು ದಿನವಿಡೀ ಎರಡೂವರೆ ಗಂಟೆಗೆ ಇಳಿದಿತ್ತು.

ಕೈತಪ್ಪು ಯಾರಿಗೂ ಆಗಬಹುದು. ಆದರೆ ‘0.4 ದೊಡ್ಡದೋ 0.04 ದೊಡ್ಡದೋ’ ಎಂದು ಕೇಳಿದಾಗ ಅವಳು ನಮ್ಮ ಮುಖವನ್ನೇ ನೋಡಿದಳು. 96 ಅಂಕ ಪಡೆದ ಹುಡುಗಿ! ಮೇಣದ ಬತ್ತಿಯ ಬೆಳಕಿನಲ್ಲಿ ಅಜ್ಜಿ ಅವಳ ತಲೆ ನೇವರಿಸಿ, “ಖರೇ ಹೇಳವಾ, ಯಾರೂ ಬೈಯೂದಿಲ್ಲ” ಎಂದರು. ಅಳುತ್ತ ಹೇಳಿದಳು. ಮೊದಮೊದಲು ಬಾರದ ಒಂದೆರಡು ಲೆಕ್ಕಗಳಿಗೆ ಮಾತ್ರ ಉತ್ತರ ನೋಡುತ್ತಿದ್ದಳಂತೆ. ನೋಡಿ ಬರೆದುದರಿಂದ ಮುಂದಿನ ಪಾಠ ತಿಳಿಯಲಿಲ್ಲ. ತಿಳಿಯದುದರಿಂದ ಮತ್ತೆ ನೋಡಬೇಕಾಯಿತು. ಗಣಿತದ ಸ್ವಭಾವವೇ ಹಾಗೆ; ಕೆಳಗಿನ ಮೆಟ್ಟಿಲು ಮುರಿದರೆ ಮೇಲಿನದು ನಿಲ್ಲದು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಮಗು ಮಾಡಿದುದು ತಪ್ಪು, ನಿಜ. ಆದರೆ ಪ್ರತಿಯೊಂದು ಪರೀಕ್ಷೆಯ ಕೆಳಗೂ ‘ನಾವು ಎದುರಿಗಿದ್ದು ಬರೆಯಿಸಿದೆವು’ ಎಂದು ಹೆಸರು ಹಾಕಿದವರು ಯಾರು? ನಾವು ವಾಸವಾಗಿರುವುದು ಯಾವ ಘಾಟಿನಲ್ಲಿ? ರಾಜ್ಯ ಹೋದರೂ, ಹೆಂಡತಿ ಮಗನನ್ನು ಮಾರಬೇಕಾಗಿ ಬಂದರೂ ಕೊಟ್ಟ ಮಾತಿನ ಋಣವನ್ನು ತೀರಿಸಿ, ಇದೇ ಮಸಣವನ್ನು ಕಾಯುತ್ತ ನಿಂತನೆಂದು ಹೇಳಲಾಗುವ ಅರಸನ ಹೆಸರಿನದು. ಹಂಪೆಯ ರಾಘವಾಂಕ ಕವಿ ಆತನ ಕಥೆಯನ್ನು ಕನ್ನಡಿಗರ ಮನೆಮಾತು ಮಾಡಿ ಎಂಟು ನೂರು ವರ್ಷಗಳಾಗುತ್ತ ಬಂದುವು. ಆ ಕಥೆಯನ್ನು ನಾವೇ ಮಗಳಿಗೆ ಎಷ್ಟೋ ಸಲ ಹೇಳಿದ್ದೆವು.

ಬೆಳಗಾದ ಮೇಲೆ ಶಾಲೆಯ ಉಪಾಧ್ಯಾಯಿನಿಗೆ ಇದ್ದುದನ್ನು ಇದ್ದ ಹಾಗೆ ಬರೆದೆವು. ಬರೆಯುವ ಮುನ್ನ ಮಗಳು, “ಹೇಳಿದರೆ ನನ್ನ ವರ್ಷ ಹೋಗುತ್ತದೆಯೇ?” ಎಂದು ಕೇಳಿದಳು. “ಹೋಗಬಹುದು” ಎಂದೆವು. ಅದಕ್ಕಿಂತ ಹಿತವಾದ ಉತ್ತರ ನಮ್ಮಲ್ಲಿ ಇರಲಿಲ್ಲ. ಮರುದಿನ ಸೌಮ್ಯವಾದ ಉತ್ತರ ಬಂದಿತು. ಏಳರ ಅಂಕಗಳು ರದ್ದಾದುವು. ಆರನೆಯ ತರಗತಿಯ ಭಿನ್ನರಾಶಿಯಿಂದ ಮತ್ತೆ ಆರಂಭಿಸಬೇಕೆಂದಾಯಿತು.

ಈ ಬಾರಿ ಪಾಠ ಅಲ್ಲಿಂದ ಬಂದರೂ ಅದರ ಅರ್ಥವನ್ನು ಮನೆಯಲ್ಲಿ ಕನ್ನಡದಲ್ಲಿ ಬಿಡಿಸತೊಡಗಿದೆವು. ಅದರಿಂದಾದ ಪ್ರಯೋಜನ ನಮಗೇ ಅಚ್ಚರಿ ತಂದಿತು. ಇಂಗ್ಲಿಷಿನ ‘ನೆಗೆಟಿವ್’ ಎಂಬ ಮಾತು ಅವಳಿಗೆ ಬರಿಯ ಒಂದು ಗೆರೆಯಾಗಿತ್ತು. ನಮ್ಮಲ್ಲಿ ಅದು ‘ಋಣ’. 628ರಲ್ಲಿ ಬ್ರಹ್ಮಗುಪ್ತರು ಧನ, ಋಣ ಎಂಬ ಈ ಮಾತುಗಳಲ್ಲಿಯೇ ಸೂತ್ರ ಹೇಳಿದ್ದರು. ಐದೈದು ರೂಪಾಯಿಯ ಮೂರು ಸಾಲಗಳನ್ನು ಯಾರೋ ಮನ್ನಾ ಮಾಡಿದರೆ ನಿನಗೆ ಹದಿನೈದು ರೂಪಾಯಿ ಲಾಭವಲ್ಲವೆ? ಋಣವನ್ನು ಋಣದಿಂದ ಗುಣಿಸಿದರೆ ಧನ ಬರುವುದು ಹೀಗೆ. ಘಾಟಿನಲ್ಲಿ ದೊಡ್ಡ ತಕ್ಕಡಿಯಲ್ಲಿ ಕಟ್ಟಿಗೆ ತೂಗುವುದನ್ನು ದಿನವೂ ನೋಡುವವಳಿಗೆ ಸಮೀಕರಣವೂ ಕಷ್ಟವಾಗಲಿಲ್ಲ: ಒಂದು ತಟ್ಟೆಯಿಂದ ತೆಗೆದಷ್ಟನ್ನೇ ಇನ್ನೊಂದರಿಂದಲೂ ತೆಗೆಯಬೇಕು.

ಭಿನ್ನರಾಶಿಗೆ ನಮ್ಮ ನಾಡಿನ ಹಿರಿಯರೊಬ್ಬರನ್ನು ಪರಿಚಯ ಮಾಡಿಸಿದೆವು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಹಿಡಿದು ಭಿನ್ನರಾಶಿಗಳನ್ನು ಕೂಡಿಸುವ ಕ್ರಮ ಅದರಲ್ಲಿದೆ. ಆರನೆಯ ಒಂದು ಭಾಗಕ್ಕೆ ಎಂಟನೆಯ ಒಂದು ಭಾಗವನ್ನು ಕೂಡಿಸಲು 48ರವರೆಗೆ ಹೋಗಬೇಕಿಲ್ಲ, 24 ಸಾಕು: ನಾಲ್ಕು ಮತ್ತು ಮೂರು ಸೇರಿ 24ರಲ್ಲಿ ಏಳು ಪಾಲು. ಹನ್ನೆರಡನೆಯ ಶತಮಾನದ ರಾಜಾದಿತ್ಯನಂತೂ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. “ಹಾಗಾದರೆ ಇದು ನಮ್ಮದೇ ಲೆಕ್ಕವೇ?” ಎಂದು ಮಗಳು ಕೇಳಿದಳು. ಲೆಕ್ಕಕ್ಕೆ ಊರೂ ಇಲ್ಲ, ಮತವೂ ಇಲ್ಲ. ಆದರೆ ಅದು ತಲೆಗೆ ಇಳಿಯಲು ಮನೆಯ ಮಾತು ಒಳ್ಳೆಯ ದಾರಿ ಎಂದು ಹೇಳಿದೆವು.

ದೂರದೂರುಗಳಲ್ಲಿರುವ ನಮ್ಮ ಓದುಗರಲ್ಲಿ ಎಷ್ಟೋ ಮಂದಿ ಮಕ್ಕಳನ್ನು ಇಂಥ ಶಾಲೆಗಳಲ್ಲಿ ಓದಿಸುತ್ತಿರಬಹುದು. ಅವರಿಗೆ ನಮ್ಮ ಅನುಭವದ ಎರಡು ಮಾತು. ವಾರಕ್ಕೊಮ್ಮೆಯಾದರೂ ಪುಸ್ತಕ ಮುಚ್ಚಿ, ಮಗು ಮಾಡಿದ ಒಂದು ಲೆಕ್ಕವನ್ನು ಕನ್ನಡದಲ್ಲಿ ಬಾಯಿಮಾತಿನಿಂದ ವಿವರಿಸಲು ಹೇಳಿರಿ. ಅಂಕಪಟ್ಟಿ ಹೇಳದುದನ್ನು ಆ ಐದು ನಿಮಿಷ ಹೇಳುತ್ತದೆ. ಕನ್ನಡದ ಗಣಿತ ಪಾಠಗಳು ಖಾನ್ ಅಕಾಡೆಮಿಯಲ್ಲಿ, ಸರ್ಕಾರದ ದೀಕ್ಷಾ ತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಇನ್ನು ಭಾರತಕ್ಕೆ ಮರಳುವವರು ಮುಂದಿನ ತರಗತಿಯ ಶಾಲೆಯನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮುಕ್ತ ಪ್ರಾಥಮಿಕ ಶಿಕ್ಷಣದ ‘ಸಿ’ ಹಂತ ಎಂಟನೆಯ ತರಗತಿಗೆ ಸಮಾನ; ಹದಿನಾಲ್ಕು ತುಂಬಿದವರು ಅದರ ಹತ್ತನೆಯ ತರಗತಿಯ ಪರೀಕ್ಷೆಗೂ ಸೇರಬಹುದು. ಇಲ್ಲಿನ ಶಾಲೆಗಳಿಗಾಗಿ 2024 ಮತ್ತು 2025ರಲ್ಲಿ ಹೊಸದಾಗಿ ಬಂದಿರುವ ‘ಗಣಿತ ಪ್ರಕಾಶ’ ಪುಸ್ತಕಗಳನ್ನು ಆರರಿಂದ ಎಂಟರವರೆಗೆ ಜೊತೆಯಲ್ಲಿಯೇ ಓದಿಸಿದರೆ ದಾರಿ ಸುಗಮವಾಗುತ್ತದೆ.

ಈಗ ನಮ್ಮ ಮನೆಯ ಉತ್ತರ ಪುಸ್ತಕ ಅಜ್ಜಿಯ ಟ್ರಂಕಿನಲ್ಲಿದೆ, ಅವರ ಮಡಿ ಸೀರೆಯ ಕೆಳಗೆ. ಅದನ್ನು ಮುಟ್ಟುವ ಧೈರ್ಯ ನಮಗೂ ಇಲ್ಲ. ಪರೀಕ್ಷೆಯ ದಿನ ಮಗಳ ಎದುರಿಗೆ ಅಜ್ಜಿ ಜಪಮಾಲೆ ಹಿಡಿದು ಕುಳಿತುಕೊಳ್ಳುತ್ತಾರೆ. ಬರೆದು ಮುಗಿದ ಮೇಲೆ ಟ್ರಂಕಿನ ಬೀಗ ತೆಗೆಯುತ್ತಾರೆ. ದಶಮಾಂಶದ ಪಾಠದ ಕೊನೆಯ ಪರೀಕ್ಷೆಯನ್ನು ಮೊನ್ನೆ ನಾವೇ ಕುಳಿತು ತಿದ್ದಿದೆವು. 68 ಬಂದುವು. ಮಗಳು ತಪ್ಪಾದ ಲೆಕ್ಕಗಳನ್ನು ಮತ್ತೆ ಮಾಡಲು ತಾನಾಗಿಯೇ ಕುಳಿತಳು. ಅಜ್ಜಿ ಅಂದು ಸಂಜೆ ಸಜ್ಜಿಗೆ ಮಾಡಿದರು. 96 ಬಂದಾಗ ಅವರು ಏನನ್ನೂ ಮಾಡಿರಲಿಲ್ಲವೆಂಬುದು ನಮಗೆ ಆಗ ನೆನಪಾಯಿತು.